ಬಿಡುವವರ ಬೋರ್ಡು

"ಇದೇ ಬೀದಿ ಅಂತ ಡಾಕ್ಟರು ಚೀಟೀಲಿ ಬರೆದಿದ್ದಾರಲ್ಲ. ನಿಮಗೆ ಗೊತ್ತಿಲ್ಲದ ಬೋರ್ಡು ಈ ಬೀದೀಲಿ ಇದೆಯೇನ್ರೀ?" ಎಂದಳು ಹೆಂಡತಿ.

ಪೇಂಟರ್ ಬೀದಿಯುದ್ದಕ್ಕೂ ಕಣ್ಣು ಹಾಯಿಸಿದ. ಚಪ್ಪಲಿ ಅಂಗಡಿ, ಕನ್ನಡಕದ ಅಂಗಡಿ, ಹಲ್ಲಿನ ಡಾಕ್ಟರು, ಎಲ್ಲರ ಹೆಸರೂ ಅವನ ಕೈಯಿಂದಲೇ ಗೋಡೆ ಹತ್ತಿದ್ದವು. ಮೂಲೆಯ ಬಾರಿನ ಬೋರ್ಡಂತೂ ಅವನ ಕಿರೀಟ. ಕೆಂಪು ಅಕ್ಷರ, ಹಳದಿ ನೆರಳು, ದಾರ ಹಿಡಿದು ಎಳೆದಂಥ ತಲೆಕಟ್ಟು. ಅದನ್ನು ಬರೆದ ದಿನ ಏಣಿ ಹತ್ತುವ ಮುಂಚೆ ಮೊದಲ ಸಲ ಎರಡು ಗುಟುಕು ಹಾಕಿದ್ದ. ಆಮೇಲೆ ಗುಟುಕಿಲ್ಲದೆ ಕೈ ನಿಲ್ಲುವುದೇ ನಿಂತುಹೋಯಿತು. ಗೆರೆ ನೆಟ್ಟಗಾದಷ್ಟೂ ಮನೆಯ ದಾರಿ ಡೊಂಕಾಯಿತು.

ಬಾರಿನ ಎದುರಿಗೇ, ಸೈಕಲ್ ರಿಪೇರಿ ಅಂಗಡಿಯ ಪಕ್ಕ ಮಹಡಿ ಮೆಟ್ಟಿಲ ಬಾಗಿಲ ಮೇಲೆ ಒಂದು ತುಕ್ಕು ಹಿಡಿದ ತಗಡು. ಅದು ಅವನ ಕೈಬರಹವಲ್ಲ. ಅಕ್ಷರ ಅಂದರೆ ಅಳಿಯದ್ದು ಎಂದು ಕುಂಚ ಹಿಡಿಯಲು ಕಲಿಸಿದ ಗುರು ಹೇಳುತ್ತಿದ್ದರು. ಈ ತಗಡಿನ ಮೇಲಿನ ಬಿಸಿಲಿಗೆ ಆ ಮಾತು ಕೇಳಿಸಿರಲಿಲ್ಲ. ಎಲ್ಲ ಉದುರಿ ಮೊದಲ ಎರಡೇ ಅಕ್ಷರ ಉಳಿದಿದ್ದವು: ಕುಡಿ.

ಅವನು ಗಹಗಹಿಸಿ ನಕ್ಕ. "ಸಿಕ್ತು ನೋಡೇ! ಕುಡಿ ಅಂತ ಬೋರ್ಡು ಹಾಕ್ಕೊಂಡು ಕುಡಿತ ಬಿಡಿಸೋಕೆ ಕೂತಿದ್ದಾರೆ. ದೊಡ್ಡೋರ ಮಾತು ಮೀರಬಾರದಪ್ಪ, ನಾನು ಎದುರುಗಡೆ ಹೊರಟೆ."

ಹೆಂಡತಿ ನಗಲಿಲ್ಲ. "ಹೋಗಿ. ಆದ್ರೆ ಆಸ್ಪತ್ರೇಲಿ ನಾನು ಹೇಳಿದ್ದು ನೆನಪಿರಲಿ. ಇನ್ನೊಂದು ಸಲ ವಾಸನೆ ಬಂತು ಅಂದ್ರೆ ಚಿಲಕ ತೆಗೆಯೋ ಕೈ ನಂದಲ್ಲ."

ಅವನು ಮೆಟ್ಟಿಲು ಹತ್ತಿದ, ಒಂದೊಂದನ್ನೂ ಒದೆಯುತ್ತ.

ಮೇಲಿನ ಕೋಣೆಯಲ್ಲಿ ಏಳೆಂಟು ಪ್ಲಾಸ್ಟಿಕ್ ಕುರ್ಚಿ, ಒಂದು ಚಹಾದ ಫ್ಲಾಸ್ಕು. ನಡುವೆ ಕೂತ ನರೆಗೂದಲಿನ ಹೆಂಗಸನ್ನು ಎಲ್ಲರೂ ಟೈಪಿಸ್ಟಮ್ಮ ಎನ್ನುತ್ತಿದ್ದರು. ಯಾವುದೋ ಕಚೇರಿಯಲ್ಲಿ ಮೂವತ್ತು ವರ್ಷ ಬೆರಳಚ್ಚು ಮಾಡಿ ನಿವೃತ್ತರಾದವರು. "ಹೊಸಬರು ಬಂದಿದ್ದೀರಿ. ಮನಸ್ಸಿದ್ರೆ ಏನಾದ್ರೂ ಹೇಳಿ" ಎಂದರು.

"ನನ್ನ ಕಥೆ ಹೇಳಿ ಅಳೋಕೆ ಬಂದಿಲ್ಲ ನಾನು. ಕೆಳಗಿರೋ ತಗಡು ನೋಡಿದ್ದೀರಾ? ಮೊದಲು ಅದನ್ನ ಸರಿಮಾಡಿ. ಆಮೇಲೆ ನನ್ನ ಸರಿಮಾಡೀರಂತೆ."

ಪಕ್ಕದ ಲಾರಿ ಡ್ರೈವರ್ ತೊಡೆ ತಟ್ಟಿ ನಕ್ಕ. "ನಿಜ ಕಣಣ್ಣ! ನಾನು ಅದನ್ನ ಓದಿ, ವಿಧೇಯನಾಗಿ ಎರಡು ಸಲ ಎದುರುಗಡೆ ಹೋಗಿ ಬಂದೋನು."

"ಕುಡಿತ ಬಿಟ್ಟವರ ಸಂಘ ಅಂತಿತ್ತು" ಎಂದರು ಟೈಪಿಸ್ಟಮ್ಮ. "ಬಟ್ಟೆ ಮೇಲಿನ ಬಣ್ಣ ನೋಡಿದ್ರೆ ನೀವು ಪೇಂಟರ್ರು. ನೀವೇ ಬರೆದುಕೊಡಿ."

"ಬರೆಯಲ್ಲ."

"ಯಾಕೆ?"

"ಸುಳ್ಳು ಬರೆಯಲ್ಲ. ನಾನು ಬಿಟ್ಟಿಲ್ಲ. ಐದು ದಿನ ಮುಟ್ಟಿಲ್ಲ, ಅಷ್ಟೇ. ಬಿಟ್ಟವರು ಅಂತ ಬರೆದ ಬೋರ್ಡಿನ ಕೆಳಗೆ ತಲೆ ಬಗ್ಗಿಸ್ಕೊಂಡು ಕಳ್ಳನ ಹಾಗೆ ನುಗ್ಗೋಕೆ ನನಗಾಗಲ್ಲ."

ಟೈಪಿಸ್ಟಮ್ಮ ಲೋಟ ಕೆಳಗಿಟ್ಟರು. ಅವರ ಬೆರಳುಗಳು ತೊಡೆಯ ಮೇಲೆ ಏನನ್ನೋ ಅಚ್ಚು ಮಾಡಿದವು. "ನಾನು ಮುಟ್ಟದೆ ಹನ್ನೊಂದು ವರ್ಷ. ಇವತ್ತು ಬೆಳಿಗ್ಗೆ ಎದ್ದು ಮತ್ತೆ ಬಿಟ್ಟೆ. ನಾಳೆಯೂ ಬಿಡಬೇಕು. ಹೌದು, ಆ ಪದ ತಪ್ಪೇ. ಏನು ಬರೀತೀರಿ ಹೇಳಿ."

ಅವನು ಯೋಚಿಸಿದ. "ಬಿಡುವವರ."

"ಅಂದ್ರೆ ಈಗ ಬಿಡೋರೋ, ಮುಂದೆ ಯಾವತ್ತೋ ಬಿಡೋರೋ?" ಎಂದ ಡ್ರೈವರ್.

"ಎರಡೂ" ಎಂದರು ಟೈಪಿಸ್ಟಮ್ಮ. "ವ್ಯಾಕರಣ ನಮ್ಮ ಕಡೆಗಿದೆ."

ಮರುದಿನ ಬೆಳಿಗ್ಗೆ ತಗಡು ಉಜ್ಜಿ, ಬಿಳಿ ಬಳಿದು, ಅದು ಒಣಗಿದ ಮೇಲೆ ಅವನು ಕೆಂಪು ಡಬ್ಬಿ ಹಿಡಿದು ಏಣಿ ಹತ್ತಿದ. ಬಾರಿನ ಕೆಂಪಿಗಿಂತ ಒಂದು ಪಾಲು ಕಡುಗೆಂಪು. ಕುಂಚ ತಗಡಿಗೆ ತಾಗುತ್ತಲೇ ಬೆರಳು ನಡುಗಿತು. ಆದರೂ ಒಂದೊಂದೇ ಅಕ್ಷರ ಬರೆಯುತ್ತ ಹೋದ.

ಎದುರಿನ ಷಟರ್ ಗಡಗಡನೆ ಎದ್ದಿತು. ಬಾರಿನ ಯಜಮಾನ ಹೊಸ್ತಿಲಲ್ಲಿ ನಿಂತು ಕತ್ತೆತ್ತಿದ. "ಏನಪ್ಪಾ ಕಲಾವಿದ! ಗೆರೆಯೋ, ಹಾವು ಹರಿದ ಜಾಡೋ? ಇಳಿದು ಬಾ, ಒಂದೇ ಗುಟುಕು ಹಾಕ್ಕೊಂಡು ಹೋಗು. ಕೈ ಕಲ್ಲಿನ ಹಾಗೆ ನಿಲ್ಲುತ್ತೆ."

ನಿಲ್ಲುತ್ತಿತ್ತು. ಅದು ಪೇಂಟರನಿಗೆ ಯಜಮಾನನಿಗಿಂತ ಚೆನ್ನಾಗಿ ಗೊತ್ತಿತ್ತು.

"ಏಣಿ ಅಲುಗ್ತಿದೆ. ಗಟ್ಟಿಯಾಗಿ ಹಿಡ್ಕೊಳ್ಳೇ" ಎಂದ ಕೆಳಗೆ ನೋಡದೆ.

"ಗಟ್ಟಿಯಾಗೇ ಹಿಡ್ಕೊಂಡಿದ್ದೀನಿ" ಎಂದಳು ಹೆಂಡತಿ. "ಅಲುಗ್ತಿರೋದು ಏಣಿ ಅಲ್ಲ."

ಅವನು ಜೇಬಿನಿಂದ ಸೀಮೆಎಣ್ಣೆಯ ಚಿಂದಿ ತೆಗೆದ. ಒಂದು ಸಲ ಒರೆಸಿದರೆ ಹಾವಿನ ಜಾಡು ಮಾಯ. ಹೊರಳಿ ಬಾರಿನ ಬೋರ್ಡು ನೋಡಿದ. ಅಲ್ಲಿ ಎಲ್ಲಿಯೂ ಕೂದಲೆಳೆಯಷ್ಟು ಕೊಂಕಿಲ್ಲ. ತುಂಬ ಹೊತ್ತು ನೋಡಿದ. ಆಮೇಲೆ ಚಿಂದಿಯನ್ನು ಕೆಳಕ್ಕೆ ಎಸೆದ.

"ಯಜಮಾನ್ರೇ," ಎಂದ, ಬೀದಿಗೆಲ್ಲ ಕೇಳುವಂತೆ, "ನಿಮ್ಮ ಬೋರ್ಡು ಬರೆದೋನು ನಾನಲ್ಲ, ನಿಮ್ಮ ಸರಕು. ಇದನ್ನ ಬರೀತಿರೋದು ನಾನು. ಡೊಂಕಾಗೇ ಇರ್ಲಿ!"

ಸೈಕಲ್ ಅಂಗಡಿಯವನು ಪಂಪು ಒತ್ತುವುದನ್ನು ನಿಲ್ಲಿಸಿದ. ಹೆಂಡತಿ ಬಗ್ಗಿ ಚಿಂದಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಎರಡೂ ಕೈಯಲ್ಲಿ ಏಣಿ ಹಿಡಿದಳು.

ಅವನು ಕುಂಚ ಅದ್ದಿದ. ತಗಡಿನ ಮೇಲೆ ಅಲ್ಲಿಯವರೆಗೆ ಬಂದಿದ್ದದ್ದು ಇಷ್ಟೇ: ಕುಡಿತ ಬಿಡು. 'ಡು'ವಿನ ತಲೆಕಟ್ಟಿನಿಂದ ಒಂದು ಕೆಂಪು ಹನಿ ನಿಧಾನವಾಗಿ ಇಳಿಯುತ್ತಿತ್ತು. ಅವನು ಅದನ್ನು ಇಳಿಯಲು ಬಿಟ್ಟು, ಮುಂದಿನ ಅಕ್ಷರಕ್ಕೆ ಕೈ ಚಾಚಿದ.