ಲಾರಿಯ ಬಾಣಲೆ, ಅರ್ಧ ಊಟ

ನಾನು ಒಂದು ಕಬ್ಬಿಣದ ಬಾಣಲೆ. ಬಾಣಲೆಯಾಗುವ ಮೊದಲು ನಾನು ಲಾರಿಯಾಗಿದ್ದೆ. ಪೂರ್ತಿ ಲಾರಿ ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಲಾರಿಯ ಹಿಂಬಾಗಿಲಿನ ಒಂದು ತಗಡು, ಅಷ್ಟೆ. ಆ ಲಾರಿ ಗುಜರಿಗೆ ಹೋದಾಗ ಗದಗಿನ ಕಮ್ಮಾರ ಕಾಳಪ್ಪ ನನ್ನನ್ನು ದುಂಡಗೆ ಕತ್ತರಿಸಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಒಂದು ಇಡೀ ಮಧ್ಯಾಹ್ನ ಬಡಿದು ಈ ಆಕಾರಕ್ಕೆ ತಂದ. ಎರಡು ಕಿವಿ ಕೂರಿಸಿದ. ಅಗಲವಾದ ಬಾಯಿ ಕೊಟ್ಟ. ನಾಲಿಗೆಯೊಂದನ್ನು ಕೊಡಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಊಟ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ. ಆ ಒಂದು ಕೊರತೆ ಮೂರೇ ದಿನದಲ್ಲಿ ನನ್ನನ್ನು ಸುಟ್ಟ ಹಾಗೆ ಇಪ್ಪತ್ತೆರಡು ವರ್ಷದ ಬೆಂಕಿಯೂ ಸುಟ್ಟಿಲ್ಲ.

ನನ್ನನ್ನು ಮಾಡಿಸಿದವನು ಲಾರಿ ಡ್ರೈವರ್ ದಾವಲಸಾಬ. ಅವನ ಜೋಡಿ ಡ್ರೈವರ್ ಫಕೀರಪ್ಪ. ಒಂದೇ ಲಾರಿ, ಒಂದೇ ಸ್ಟೇರಿಂಗು, ಇಬ್ಬರು ಸರದಿಯ ಮೇಲೆ ಹಿಡಿಯುವವರು. ಗದಗಿನಿಂದ ಮೆಣಸಿನಕಾಯಿ, ಈರುಳ್ಳಿ ಹೇರಿಕೊಂಡು ಸಾಂಗ್ಲಿ, ಸೋಲಾಪುರ, ನಾಗಪುರ, ಕೇರಳದ ಪಾಲಕ್ಕಾಡಿನ ತನಕ ಹೋಗುತ್ತಿದ್ದರು. ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿ ಪಂಪ್ ಸ್ಟವ್ವಿನ ಪಕ್ಕದಲ್ಲಿ ನನ್ನ ಜಾಗ. ಗುಂಡಿ ಬಿದ್ದ ರಸ್ತೆಯಲ್ಲಿ ನಾನು ಗಡಗಡ ಎಂದರೆ "ಬಾಣಲಿಗೆ ಹಸಿವಾಗೇತಿ" ಎಂದು ದಾವಲಸಾಬ ನಗುತ್ತಿದ್ದ.

ಇಬ್ಬರಿಗೂ ಒಂದು ಹುಚ್ಚಿತ್ತು. ದಾರಿಯ ಯಾವುದಾದರೂ ಢಾಬಾದಲ್ಲಿ ಊಟ ರುಚಿಯಾಯಿತೆಂದರೆ ದಾವಲಸಾಬ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಇಣುಕುತ್ತಿದ್ದ. ಮುಂದಿನ ವಾರ ಅದೇ ಅಡುಗೆ ಯಾವುದೋ ಹುಣಸೆಮರದ ಕೆಳಗೆ ನನ್ನ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಪಾಲಕ್ಕಾಡಿನ ಮರಗೆಣಸು, ಸೋಲಾಪುರದ ಶೇಂಗಾ ಸಾರು, ಎಲ್ಲಕ್ಕಿಂತ ಮೇಲೆ ಸಾಂಗ್ಲಿ ದಾಟಿದ ಮೇಲೆ ಸಿಗುವ ಅಖ್ಖಾ ಮಸೂರು. ಇಡೀ ಮಸೂರಿಕಾಳಿಗೆ ಈರುಳ್ಳಿ, ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಬೇಯಿಸುವ ಪಲ್ಯ ಅದು. ಢಾಬಾದವರದು ಕೆಂಪಗಿರುತ್ತಿತ್ತು. ನಮ್ಮದು ಕಡುಕಪ್ಪು. ಏಕೆಂದರೆ ದಾವಲಸಾಬ ಕೊನೆಗೆ ಒಂದು ಲೋಟ ಹಾಲಿಲ್ಲದ ಚಹಾ ಸುರಿಯುತ್ತಿದ್ದ. ಈ ಗುಟ್ಟು ಗೊತ್ತಿದ್ದದ್ದು ಅವರಿಬ್ಬರಿಗೆ ಮತ್ತು ನನಗೆ.

ಲಾರಿಯಲ್ಲಿ ತಟ್ಟೆ ಇರಲಿಲ್ಲ. ತೊಳೆಯಲು ನೀರು ಎಲ್ಲಿಂದ ತರುವುದು? ನನ್ನೊಳಗೇ ಕೈ ಹಾಕಿ ಉಣ್ಣುತ್ತಿದ್ದರು. ಆದರೆ ಒಟ್ಟಿಗೆ ಅಲ್ಲ. ಅದಕ್ಕೊಂದು ಕಟ್ಟಳೆ ಇತ್ತು. ಮುಂದೆ ಸ್ಟೇರಿಂಗ್ ಹಿಡಿಯುವವನು ಮೊದಲು ಉಣ್ಣಬೇಕು. ಈಗಷ್ಟೇ ಗಾಡಿ ಇಳಿದವನು ಕಬ್ಬಿಣದ ರಾಡು ಹಿಡಿದು, ಲಾರಿಯ ಸುತ್ತ ಹೋಗಿ, ಆರೂ ಗಾಲಿಗಳಿಗೆ ಒಂದೊಂದು ಏಟು ಕೊಟ್ಟು, ಗಾಳಿ ಸರಿಯಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಉಳಿದ ಅರ್ಧ ಅವನದು. ಜೋಡಿಗಿಂತ ಮೊದಲು ಅವನು ಅನ್ನಕ್ಕೆ ಕೈ ಹಾಕಿದ್ದನ್ನು ನಾನು ಒಂದು ದಿನವೂ ನೋಡಿಲ್ಲ, ಎಷ್ಟೇ ಹಸಿವಿರಲಿ.

ಇಪ್ಪತ್ತೆರಡು ವರ್ಷದ ಮೇಲೆ ಒಂದು ಬೆಳಿಗ್ಗೆ ದಾವಲಸಾಬ ತನ್ನ ಮನೆಯಲ್ಲಿ ಮಲಗಿದಲ್ಲೇ ಹೋದ. ಮಾಲೀಕ ಲಾರಿ ಮಾರಿದ. ಫಕೀರಪ್ಪ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ಮಾಡಿಸಿದಾಂವ ಅಂವ" ಎಂದು ದಾವಲಸಾಬನ ಹೆಂಡತಿ ಜೈತುನಬಿಯ ಹೊಸ್ತಿಲ ಮೇಲಿಟ್ಟು, ತಿರುಗಿ ನೋಡದೆ ಹೋದ. ಆಮೇಲೆ ಅವನು ಸ್ಟೇರಿಂಗ್ ಮುಟ್ಟಲಿಲ್ಲವಂತೆ. ನಾನು ಹಿತ್ತಲು ಸೇರಿದೆ. ಎರಡು ವರ್ಷ ಜೈತುನಬಿಯ ಕೋಳಿಗಳು ನನ್ನೊಳಗೆ ನೀರು ಕುಡಿದವು, ಕೆಲವು ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದವು. ಆನೆ ಬಡವಾದರೆ ಗೂಟಕ್ಕೆ ಸಾಲದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತುಕ್ಕು ಕೇಳಲಿಲ್ಲ.

ಒಂದು ಶುಕ್ರವಾರ ಫಕೀರಪ್ಪನ ಹೆಂಡತಿ ಪಾರವ್ವ ಆ ಹಿತ್ತಲಿಗೆ ಬಂದಳು. ಕೆನ್ನೆ ಒಳಗೆ ಹೋಗಿ, ಬಳೆ ಮೊಳಕೈಗೆ ಜಾರಿದ್ದವು.

"ಡಾಕ್ಟರ್ ಸೋಮವಾರ ಮುಂಜಾನೆ ಕರಕೊಂಡು ಬರ್ರಿ ಅಂದಾರ ಅಕ್ಕಾ," ಎಂದಳು. "ಅಷ್ಟರಾಗ ಉಣ್ಣಲಿಲ್ಲಂದ್ರ ಮೂಗಿನ್ಯಾಗ ನಳಿಗಿ ಹಾಕ್ತಾರಂತ. ಅದನ್ನ ಕಿತ್ತ ಒಗೀಬಾರದಂತ ಕೈ ಕಟ್ಟತಾರಂತ. ಅವರ ಕೈ ಕಟ್ಟೂದ ನಾ ಹೆಂಗ ನೋಡ್ಲಿ?"

ಫಕೀರಪ್ಪನಿಗೆ ಲಕ್ವಾ ಹೊಡೆದು ಎರಡು ತಿಂಗಳಾಗಿತ್ತು. ಬಲಗೈ ಹೋಗಿತ್ತು, ಮಾತು ಹೋಗಿತ್ತು, ಯಾರು ಎದುರಿಗಿದ್ದಾರೆ ಎಂಬ ಗುರುತೂ ಹೋಗಿತ್ತು.

"ನುಂಗಾಕ ಬರತೈತೇನು?" ಜೈತುನಬಿ ಕೇಳಿದಳು.

"ಬರತೈತಿ. ಚಮಚಾದಾಗ ಹಾಲು ಹಾಕಿದ್ರ ಇಳೀತೈತಿ. ಗಂಗಾಳ ಮುಂದಿಟ್ಟರ ಸಾಕು, ಕೈಲೆ ದಬ್ಬತಾರ. ಹೋದ ವಾರ ಒಮ್ಮೆ 'ಸಾಂಗ್ಲಿ' ಅಂದ್ರು. ಅದೊಂದ ಮಾತು. ಅದಕ್ಕ ಅವರು ಉಂಡು ಬಂದ ಊರೂರ ಅಡಿಗಿ ಮಾಡಾಕ ಹತ್ತೇನಿ. ಜುಣಕಾ ಮಾಡಿದೆ, ಶೇಂಗಾ ಸಾರು ಮಾಡಿದೆ. ಒಂದೂ ಮುಟ್ಟವಲ್ಲರು. ನಿಮ್ಮವರು ಏನೇನ ಹಾಕತಿದ್ರು, ನಿನಗ ಗೊತ್ತಿರಬೇಕಲ್ಲ ಅಕ್ಕಾ?"

"ನಮ್ಮವರು ಮನ್ಯಾಗ ಒಲಿ ಮುಂದ ಎಂದ ಕುಂತಾರವ್ವಾ? ಆ ಅಡಿಗಿ ಅವರ ಸಂಗಾಟನ ಹೋತು." ಜೈತುನಬಿ ಸೆರಗಿನಿಂದ ಮೂಗೊರೆಸಿಕೊಂಡಳು. "ಮನಿಗೆ ಬಂದ್ರೂ ಅರ್ಧಾ ಉಂಡು ಎದ್ದಬಿಡೋರು. ಯಾಕ ಅಂದ್ರ, 'ಫಕೀರಂದೈತಿ, ಇರ್ಲಿ' ಅಂದು, ಆಮ್ಯಾಲ ತಾವ ನಗೋರು. ಅಡಿಗಿ ಗೊತ್ತಿಲ್ಲ ಪಾರವ್ವಾ. ಅಡಿಗಿ ಮಾಡಿದ ಬಾಣಲಿ ಐತಿ, ಒಯ್ಯಿ."

ಜೈತುನಬಿಯೇ ಕೋಳಿಗಳನ್ನು ಓಡಿಸಿ, ನೀರು ಚೆಲ್ಲಿ, ಬೂದಿ ಹುಣಸೆಹಣ್ಣು ಹಾಕಿ ನನ್ನನ್ನು ತಿಕ್ಕಿದಳು. ಎರಡು ವರ್ಷದ ತುಕ್ಕು ಇಳಿದಾಗ ನನ್ನ ಹಳೆಯ ಬಣ್ಣ ನೋಡಿ ಅತ್ತಳು. ನಾನು ಪಾರವ್ವನ ಸೊಂಟವೇರಿ ಹೊರಟೆ. ನಿಜ ಹೇಳುತ್ತೇನೆ, ಆಗ ನನಗೆ ಸೊಕ್ಕು ಬಂದಿತ್ತು. ಚಹಾದ ಗುಟ್ಟು ನನ್ನಲ್ಲಿದೆ, ನಾನು ಬಂದ ಮೇಲೆ ಫಕೀರಪ್ಪ ಉಣ್ಣದೆ ಏನು ಮಾಡುತ್ತಾನೆ ಎಂದುಕೊಂಡೆ.

ರೈಲುಹಳಿಯ ಪಕ್ಕದ ಬಾಡಿಗೆ ಮನೆ. ಮಕ್ಕಳಿಲ್ಲದ ಸಂಸಾರ. ಇದ್ದ ಒಂದೇ ದೊಡ್ಡ ಕೋಣೆಯಲ್ಲಿ ಈ ಮೂಲೆಗೆ ಒಲೆ, ಆ ಮೂಲೆಗೆ ಕಬ್ಬಿಣದ ಮಂಚ. ಮಂಚದ ಮೇಲೆ ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದ ಮನುಷ್ಯನನ್ನು ಕಂಡು ನನ್ನ ಸೊಕ್ಕು ಅರ್ಧ ಇಳಿಯಿತು. ಲಾರಿಯ ಸ್ಟೇರಿಂಗ್ ತಿರುಗಿಸುತ್ತಿದ್ದ ತೋಳು ಹಗ್ಗದಂತೆ ನೇತಾಡುತ್ತಿತ್ತು.

ಶನಿವಾರ ಮರಗೆಣಸು. ಪಾರವ್ವ ಸಂತೆಯೆಲ್ಲ ಅಲೆದು ಎರಡು ಗೆಡ್ಡೆ ತಂದಿದ್ದಳು. ಬೇಯಿಸಿ, ಹಸಿಮೆಣಸು ಈರುಳ್ಳಿ ಜಜ್ಜಿ, ಕೊಬ್ಬರಿ ಎಣ್ಣೆ ಬಿಟ್ಟಳು. ದಾವಲಸಾಬನ ಕೈಗಿಂತ ಒಂದು ಗುಂಜಿಯೂ ಕಡಿಮೆಯಿರಲಿಲ್ಲ. ಗಂಗಾಳದಲ್ಲಿ ಬಡಿಸಿ ಮಂಚದ ಮೇಲಿಟ್ಟಳು. ಫಕೀರಪ್ಪ ಅದನ್ನು ನೋಡಿದ. ಎಡಗೈಯಿಂದ ಮೆಲ್ಲಗೆ ಅವಳ ಕಡೆಗೆ ತಳ್ಳಿದ. ಆಮೇಲೆ ಮಂಚಕ್ಕೆ ಒರಗಿಸಿದ್ದ ಊರುಗೋಲು ತೆಗೆದುಕೊಂಡು ಮಂಚದ ಕಾಲಿಗೆ ಬಡಿಯತೊಡಗಿದ.

ಠಣ್. ತಲೆ ವಾಲಿಸಿ ಕೇಳಿದ. ಠಣ್. ಮತ್ತೆ ಕೇಳಿದ.

"ಸಿಟ್ಟಿಗೇಳಬ್ಯಾಡ್ರಿ, ತಗೀತೀನಿ," ಎಂದು ಪಾರವ್ವ ಗಂಗಾಳ ಎತ್ತಿಕೊಂಡಳು.

ನಾನು ಎಣಿಸುತ್ತಿದ್ದೆ. ಮಂಚಕ್ಕೆ ನಾಲ್ಕು ಕಾಲು. ಅವನು ಬಡಿದದ್ದು ಆರು ಏಟು.

ಆಗ ನನಗೆ ತಿಳಿಯಿತು. ತಿಳಿದ ಕೂಡಲೇ ಒಡೆದು ಚೂರಾಗಬಾರದೆ ಎನಿಸಿತು. ಅವನಿಗೆ ಸಿಟ್ಟಿರಲಿಲ್ಲ. ಅವನು ಊಟ ಬೇಡವೆನ್ನುತ್ತಲೂ ಇರಲಿಲ್ಲ. ಹಾಳಾದ ತಲೆಯೊಳಗೆ ಅವನು ಈಗಷ್ಟೇ ಗಾಡಿ ಇಳಿದಿದ್ದ. ಗಾಲಿ ನೋಡುತ್ತಿದ್ದ. ಜೋಡಿ ಉಂಡು ಮುಗಿಸಲಿ ಎಂದು ಕಾಯುತ್ತಿದ್ದ. ಎದುರಿಗಿದ್ದವರು ಯಾರಾದರೂ ಸರಿ, ಅರ್ಧ ಉಂಡರೆ ಸಾಕಿತ್ತು.

ಆದರೆ ಎದುರಿಗಿದ್ದವಳು ಪಾರವ್ವ. ಮದುವೆಯಾಗಿ ಮೂವತ್ತೆಂಟು ವರ್ಷ, ಗಂಡ ಮನೆಯಲ್ಲಿದ್ದಾಗ ಅವನಿಗಿಂತ ಮೊದಲು ಒಂದು ತುತ್ತು ಬಾಯಿಗಿಟ್ಟವಳಲ್ಲ. ಅವನು ಉಣ್ಣದ ಮೇಲೆ ತಾನು ಹೇಗೆ ಉಣ್ಣಲಿ ಎಂದು ಚಹಾ ಕುಡಿದು ದಿನ ತಳ್ಳುತ್ತಿದ್ದಳು. ಅವನು ಅವಳಿಗಾಗಿ ಕಾಯುತ್ತಾನೆ, ಅವಳು ಅವನಿಗಾಗಿ ಕಾಯುತ್ತಾಳೆ. ನಡುವೆ ಬಿಸಿ ಬಿಸಿ ಊಟ ಆರುತ್ತದೆ. ಎರಡು ಜೀವ ಹಸಿದು ಸಾಯುತ್ತಿವೆ, ಕಾರಣ ಬಲ್ಲವನು ನಾನೊಬ್ಬನೇ, ನನ್ನ ಬಾಯಿ ಇಷ್ಟಗಲ, ಅದರಲ್ಲಿ ಒಂದು ಮಾತಿಲ್ಲ. ನೀನು ಮೊದಲು ಉಣ್ಣು ತಾಯಿ, ನೀನು ಮೊದಲು ಉಣ್ಣು ಎಂದು ನಾನು ಒಲೆಯ ಮೇಲೆ ಕಾದು ಕಾದು ಹೊಗೆಯಾದೆ. ಅವಳು ಉರಿ ಸಣ್ಣ ಮಾಡಿದಳು.

ಭಾನುವಾರ ಮಧ್ಯಾಹ್ನ ಅಖ್ಖಾ ಮಸೂರು ಮಾಡಿದಳು. ಅದು ಕೊನೆಯದೆಂದು ಅವಳಿಗೂ ಗೊತ್ತಿತ್ತು. ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಅವನ ಎರಡು ಧೋತರ ಮಡಿಸಿಟ್ಟಾಗಿತ್ತು. ಕಾಳು ಬೆಂದಿತು. ಕೆಂಪಗಾಯಿತು, ಕಪ್ಪಾಗಲಿಲ್ಲ. ಅವಳು ಚಹಾದ ಪಾತ್ರೆಯನ್ನು ನನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು, ಅದರಿಂದ ಒಂದು ಲೋಟ ಬಗ್ಗಿಸಿ ತಾನು ಕುಡಿದಳು, ನನಗೆ ಹಾಕಲಿಲ್ಲ. ಗೊತ್ತಿದ್ದರಲ್ಲವೇ ಹಾಕುವುದು?

ಗಂಗಾಳಕ್ಕೆ ಬಡಿಸುವ ಉಮೇದು ಅವಳಲ್ಲಿ ಉಳಿದಿರಲಿಲ್ಲ. ನನ್ನನ್ನೇ ಎತ್ತಿ ತಂದು, ಗೋಣಿಚೀಲ ಹಾಸಿ, ಮಂಚದ ಮೇಲಿಟ್ಟಳು. ಫಕೀರಪ್ಪ ನನ್ನ ಕಿವಿ ಮುಟ್ಟಿದ. ಒಂದು ಗಳಿಗೆ ಹಾಗೇ ಹಿಡಿದ. ಉಣ್ಣುತ್ತಾನೆಂದು ಪಾರವ್ವ ಉಸಿರು ಬಿಗಿಹಿಡಿದಳು. ಅವನು ನನ್ನನ್ನು ಅವಳ ಕಡೆಗೆ ತಳ್ಳಿದ. ಕೋಲು ತೆಗೆದುಕೊಂಡ. ಠಣ್.

ಪಾರವ್ವನ ತಾಳ್ಮೆ ಅಲ್ಲಿಗೆ ಹರಿಯಿತು.

"ಉಣಬ್ಯಾಡ್ರಿ! ಬ್ಯಾಡ! ನಾಳೆ ಕೈ ಕಟ್ಟತಾರ, ಕಟ್ಟಿಸಿಕೋರಿ! ನಿಮಗ ಏನ ಬೇಕು ನನಗ ಹೆಂಗ ತಿಳೀಬೇಕ್ರೀ? ನಿಮ್ಮ ಸಾಂಗ್ಲಿ ನಾ ನೋಡೇನೇನು? ಒಮ್ಮೆರ ಕರಕೊಂಡ ಹೋಗಿದ್ರೇನು? ನೀವು ಸಾಯೂಕಿಂತ ಮೊದಲ ನಾನ ಸಾಯ್ತೀನಿ!"

ಅಳುತ್ತ, ಬೈಯುತ್ತ, ನನ್ನೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಬಾಯಿಗೆ ತುರುಕಿಕೊಂಡಳು. ಸಿಟ್ಟಿಗೆ ತಿಂದ ಮೊದಲ ತುತ್ತು ಹೊಟ್ಟೆಗೆ ಬಿದ್ದದ್ದೇ ತಡ, ಎಷ್ಟೋ ದಿನದ ಹಸಿವು ಎದ್ದು ನಿಂತಿತು. ಎರಡನೆಯ ತುತ್ತು, ಮೂರನೆಯದು. ಕಣ್ಣೀರು ಪಲ್ಯಕ್ಕೆ ಬೀಳುತ್ತಿತ್ತು, ಅವಳಿಗೆ ನಿಲ್ಲಿಸಲಾಗಲಿಲ್ಲ. ಗಂಡನಿಗಿಂತ ಮೊದಲು ಉಣ್ಣುತ್ತಿದ್ದೇನೆ ಎಂದು ಅರಿವಾದದ್ದು ಅರ್ಧ ಬಾಣಲೆ ಖಾಲಿಯಾದ ಮೇಲೆ. ಗಾಬರಿಯಾಗಿ ಕೈ ಹಿಂದಕ್ಕೆಳೆದುಕೊಂಡಳು.

ಕೋಲಿನ ಸದ್ದು ನಿಂತಿತ್ತು. ಫಕೀರಪ್ಪ ಕೋಲನ್ನು ಗೋಡೆಗೆ ಒರಗಿಸಿದ. ನನ್ನನ್ನು ತನ್ನ ಕಡೆಗೆ ಎಳೆದುಕೊಂಡು, ಎಡಗೈ ಹಾಕಿ, ಉಂಡ. ಒಂದು ತುತ್ತು. ಇನ್ನೊಂದು. ಅರ್ಧ ಗಲ್ಲದ ಮೇಲೆ ಸೋರಿತು, ಅರ್ಧ ಗಂಟಲಿಗಿಳಿಯಿತು. ಆಮೇಲೆ ತಲೆಯೆತ್ತಿ, ತೊದಲುತ್ತ, ಎರಡು ತಿಂಗಳಲ್ಲಿ ಮೊದಲ ಬಾರಿಗೆ ಒಂದು ಪೂರ್ತಿ ಮಾತಾಡಿದ.

"ದಾವಲಾ... ಚಾ ಹಾಕೂದ ಮರತ್ಯಲ್ಲೋ."

ಪಾರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಜೈತುನಬಿ ಹೇಳಿದ್ದ 'ಫಕೀರಂದೈತಿ, ಇರ್ಲಿ' ಎಂಬ ಮಾತು ಅವಳಿಗೆ ಆಗ ನೆನಪಾಗಿರಬೇಕು. ಅರ್ಧ ಬಾಣಲೆ ನೋಡಿದಳು, ಕೋಲು ನೋಡಿದಳು, ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಅವಳ ಗುರುತು ಇರಲಿಲ್ಲ. ಗಂಡನ ಹೆಸರನ್ನು ಒಮ್ಮೆಯೂ ನಾಲಿಗೆಯ ಮೇಲೆ ತಂದವಳಲ್ಲ ಅವಳು. ಗಂಟಲು ಸರಿಮಾಡಿಕೊಂಡಳು.

"ಹೂಂನೋ ಫಕೀರಾ, ಮರತೆ," ಎಂದಳು. "ನಾಳೆ ಹಾಕ್ತೀನಿ. ಈಗ ಉಣ್ಣು."

ಸೋಮವಾರ ಡಾಕ್ಟರು ನಳಿಗೆ ಹಾಕಲಿಲ್ಲ. ಫಕೀರಪ್ಪ ಮತ್ತೆ ಹದಿನಾಲ್ಕು ತಿಂಗಳು ಬದುಕಿದ. ದಿನಾ ಪಾರವ್ವ ಮೊದಲು ಉಂಡಳು, ದಿನಾ ಅವನು ಉಳಿದರ್ಧ ಉಂಡ. ಸೋಲಾಪುರ, ನಾಗಪುರ, ಪಾಲಕ್ಕಾಡು ಎಲ್ಲ ಆ ಕೋಣೆಗೆ ಬಂದು ಹೋದವು. ಊಟದ ನಡುವೆ ಅವನು ದಾರಿಯ ಮಾತಾಡುತ್ತಿದ್ದ. ಪಾರವ್ವ ಕಾಣದ ಊರುಗಳಿಗೆಲ್ಲ ಹೂಂಗುಟ್ಟುತ್ತಿದ್ದಳು. ಕೆಲವು ದಿನ ಜೈತುನಬಿ ಬಂದು ಹೊಸ್ತಿಲ ಹೊರಗೆ ಕೂತು, ತನ್ನ ಗಂಡನ ಹೆಸರು ಹಿಡಿದು ಯಾರೋ ಕರೆಯುವುದನ್ನು ಕೇಳಿಸಿಕೊಂಡು ಹೋಗುತ್ತಿದ್ದಳು. ಪಾರವ್ವ ಎಂದು ಅವನು ಒಮ್ಮೆಯಾದರೂ ಕರೆದಾನು ಎಂದು ನಾನು ಕಡೆಯ ತನಕ ಕಾದೆ. ಕರೆಯಲಿಲ್ಲ. ತನ್ನ ಗಂಡನನ್ನು ಅವಳು ಬದುಕಿಸಿಕೊಂಡಳು, ಆದರೆ ಅವನಿಗೆ ಹೆಂಡತಿಯಾಗಿ ಉಳಿಯಲಿಲ್ಲ.

ಈಗ ನಾನು ಅದೇ ಮನೆಯ ಮೂಲೆಯಲ್ಲಿದ್ದೇನೆ. ತಳ ತೆಳ್ಳಗಾಗಿದೆ, ಒಂದು ಕಿವಿ ಸಡಿಲವಾಗಿದೆ. ಮಂಚ ಖಾಲಿಯಿದೆ. ಅಡುಗೆಯ ಗುಟ್ಟು ಮಸಾಲೆಯಲ್ಲಿದೆ ಎಂದು ಸೊಕ್ಕಿದ್ದ ನಾನು ಈಗ ಹಾಗೆ ಹೇಳುವುದಿಲ್ಲ. ಊಟ ಯಾರೊಡನೆ ಉಂಡದ್ದೋ ಅವರಿಲ್ಲದೆ ಆ ಊಟ ಮರಳಿ ಬರುವುದಿಲ್ಲ, ಎಷ್ಟು ಚಹಾ ಸುರಿದರೂ.

ಹೋದ ಭಾನುವಾರ ಪಾರವ್ವ ನನ್ನನ್ನು ಮೂಲೆಯಿಂದ ತೆಗೆದು ಅಖ್ಖಾ ಮಸೂರು ಮಾಡಿದಳು. ಮಂಚದ ಬಳಿ ಗೋಣಿ ಹಾಸಿ ನನ್ನನ್ನಿಟ್ಟು, ಅರ್ಧ ಉಂಡು, ಕೈ ನಿಲ್ಲಿಸಿದಳು. ಆಮೇಲೆ ಊರುಗೋಲು ತೆಗೆದುಕೊಂಡು ಮಂಚದ ಕಾಲಿಗೆ ಬಡಿದಳು, ಮೆಲ್ಲಗೆ, ಎಣಿಸಿ, ಆರು ಏಟು. ಕೋಲನ್ನು ಗೋಡೆಗೆ ಒರಗಿಸಿ ಉಳಿದರ್ಧವನ್ನೂ ತಾನೇ ಉಂಡಳು.

"ಚಾ ಹಾಕೇನ್ರೀ," ಎಂದಳು.