ಫೋನ್ ಮಾಮನ ಹುದ್ದೆ

ವಾಷಿಂಗ್ ಮೆಷಿನ್ ಮಾಡುವ ಆ ಕಂಪನಿಯಲ್ಲಿ ಯಾವ ಕೆಲಸಕ್ಕೆ ಹೊರಗೆ ಎಷ್ಟು ಸಂಬಳ ನಡೆಯುತ್ತಿದೆ ಎಂದು ಹೋಲಿಸಿ ನೋಡುವುದು ಸಿಬ್ಬಂದಿ ವಿಭಾಗದ ಯುವತಿಯೊಬ್ಬಳ ಪಾಲಿಗೆ ಬಂದಿತ್ತು. ಎಲ್ಲ ಸಲೀಸಾಗಿ ಸಾಗಿ, 'ಗ್ರಾಹಕ ಸಂತೋಷ ಮುಖ್ಯಸ್ಥ' ಎಂಬಲ್ಲಿಗೆ ಬಂದು ಗಾಡಿ ನಿಂತಿತು. ಅಂಥ ಹುದ್ದೆ ಹೊರಗಿನ ಸಂಬಳಗಳ ಮಾಹಿತಿಯಲ್ಲಿ ಎಲ್ಲೂ ಇರಲಿಲ್ಲ. ಆ ಕುರ್ಚಿಯಲ್ಲಿದ್ದವನನ್ನು ಆಫೀಸಿನವರೆಲ್ಲ ಫೋನ್ ಮಾಮ ಎನ್ನುತ್ತಿದ್ದರು. ದೂರು ಬರೆದುಕೊಳ್ಳುವ ಗುಮಾಸ್ತನಿಗೆ ಯಾರೋ ಚೆಂದದ ಹೆಸರಿಟ್ಟಿದ್ದಾರೆ ಎಂದುಕೊಂಡೇ ಅವಳು ಅವನ ಪಕ್ಕದಲ್ಲಿ ಹೋಗಿ ಕೂತಳು.

"ನೀರು ಹೋಗ್ತಿಲ್ವಾ ಅಜ್ಜಿ?" ಮಾಮ ಫೋನಿನಲ್ಲಿ ಕೇಳುತ್ತಿದ್ದ. "ಗಾಬರಿ ಬೇಡ. ಮೆಷಿನ್ ಬುಡದಲ್ಲೊಂದು ಸಣ್ಣ ಮುಚ್ಚಳ ಇದೆ ನೋಡಿ. ಕೆಳಗೊಂದು ಪಾತ್ರೆ ಇಟ್ಟು, ಅದನ್ನ ಮೆಲ್ಲಗೆ ಎಡಕ್ಕೆ ತಿರುಗಿಸಿ. ತೆಗೆದ್ರಾ? ಒಳಗೆ ಏನ್ ಸಿಕ್ತು?"

"ಮೊಮ್ಮಗನ ಕಾಲುಚೀಲ!" ಅಜ್ಜಿಯ ನಗು ಅವಳಿಗೂ ಕೇಳಿಸಿತು.

ಊಟದ ಹೊತ್ತಿಗೆ ಹೀಗೆ ಎಷ್ಟೋ ಮೆಷಿನ್‌ಗಳು ಮೆಕ್ಯಾನಿಕ್ ಹೋಗದೆಯೇ ಸರಿಯಾಗಿದ್ದವು.

"ಮಾಮ, ಇದು ತಾಂತ್ರಿಕ ಸಲಹೆಗಾರರ ಕೆಲಸ. ಹೊರಗೆ ಇದಕ್ಕೆ ಒಳ್ಳೇ ಸಂಬಳ ಇದೆ, ನಿಮಗೂ ಏರಿಸ್ಬೇಕು ಅಂತ ಬರೀತೀನಿ. ಆದ್ರೆ ಹುದ್ದೆಯ ಹೆಸರು ಬದಲಾಗತ್ತೆ."

ಅರಳಿದ ಮಾಮನ ಮುಖ ಅಷ್ಟೇ ಬೇಗ ಬಾಡಿತು. "ಮುಖ್ಯಸ್ಥ ಅನ್ನೋದು ಹೋಗ್ಬಿಡತ್ತಾ? ಬೀಗರ ಮುಂದೆಲ್ಲ ಹೇಳ್ಕೊಂಡು ಮೆರೆದಿದ್ದೀನಲ್ಲಮ್ಮ!"

"ನಿಮ್ಮ ಕೈಕೆಳಗೆ ಯಾರಿದಾರೆ ಮಾಮ?"

"ಈ ಫೋನು," ಎಂದು ಅವನೇ ಮೊದಲು ನಕ್ಕುಬಿಟ್ಟ.

ಅವಳು ಬರೆದಂತೆಯೇ ಸಂಬಳ ಏರಿತು, ಹುದ್ದೆಯ ಹೆಸರೂ ಬದಲಾಯಿತು. ಬೀಗರಿಗೆ ಏನು ಹೇಳಬೇಕೆಂದು ಮಾಮನಿಗೆ ಹೇಳಿಕೊಟ್ಟಿದ್ದು ಅವನ ಹೆಂಡತಿ: "ಸಲಹೆಗಾರ ಅಂದ್ರೆ ಮುಖ್ಯಸ್ಥರಿಗೇ ಬುದ್ಧಿ ಹೇಳೋರು ಅನ್ನಿ, ಸುಮ್ನಾಗ್ತಾರೆ."