ಅಂಗಳದ ಅಂಚು

ಇನ್ನೊಂದು ಬೆರಳು, ಉಗುರಿನ ಬುಡದ ತನಕ ಶಾಯಿ, ಓಟು ಹಾಕಿ ಬಂದವರೆಲ್ಲ ಹೀಗೆ ಎಡಗೈ ಬೆರಳನ್ನು ನೋಡಿಕೊಳ್ಳುತ್ತಲೇ ರಸ್ತೆಗೆ ಇಳಿಯುತ್ತಿದ್ದಾರೆ, ಅಮ್ಮ ಮಾತ್ರ ಇನ್ನೂ ಬರಲಿಲ್ಲ — ಊರ ಜಮೀನ್ದಾರರ ಗುತ್ತಿನ ಮನೆಯ ಗೇಟಿನಾಚೆ, ಕಾರ್ಕಳದ ಬಸ್ಸು ನಿಲ್ಲುವಲ್ಲಿ ವಿಠಲ ಮಧ್ಯಾಹ್ನದಿಂದ ಕಾಯುತ್ತಿದ್ದಾನೆ, ಇಪ್ಪತ್ತೊಂದು ತುಂಬದವನಿಗೆ ಇಲ್ಲಿ ಎಂತ ಕೆಲಸ ಎಂದು ಪೊಲೀಸಿನವ ಅಟ್ಟಿದ್ದ, ಒಳ್ಳೆಯ ಕಾನೂನು, ಬಿ.ಎ. ಓದುವವನಿಗೆ ಓಟಿಲ್ಲ, ಓಟಿರುವ ಅಮ್ಮನಿಗೆ ಆ ಅಂಗಳಕ್ಕೆ ಕಾಲಿಟ್ಟೇ ಗೊತ್ತಿಲ್ಲ. ಎಪ್ಪತ್ತೆಂಟರ ಚುನಾವಣೆಗೆ ಮತಗಟ್ಟೆ ಶಾಲೆಯಲ್ಲಿತ್ತು, ಆಗ ಅಮ್ಮನಿಗೆ ಜ್ವರ, ಈ ಸಲ ಶಾಲೆಯ ಹಂಚಿನ ಮಾಡು ಕುಸಿದು ಮತಗಟ್ಟೆ ಗುತ್ತಿನ ಚಾವಡಿಗೆ ಬಂತು, ಎಷ್ಟು ಅನುಕೂಲ, ನೆರಳುಂಟು, ನೀರುಂಟು, ಬಂದ ಅಧಿಕಾರಿಗಳಿಗೆ ಊಟವೂ ಉಂಟು. ನಮ್ಮವರು ಅಲ್ಲಿಗೆ ಹೇಗೆ ಬರುವುದು ಸಾರ್ ಎಂದು ಕೇಳಲು ಹೋದಾಗ ತಾಲೂಕು ಕಚೇರಿಯ ಸಾಹೇಬರು ತಲೆಯನ್ನೇ ಎತ್ತಲಿಲ್ಲ, ಎಲ್ಲರಿಗೂ ಒಂದೇ ಬಾಗಿಲು ಮಾರಾಯ, ಕೊರಗರು ಬರಬಾರದು ಅಂತ ಯಾರಾದರೂ ಹೇಳಿದ್ದಾರಾ? ಯಾರೂ ಹೇಳಿಲ್ಲ, ಅದೇ ಕರ್ಮ, ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಸ್ಕಾಲರ್‌ಶಿಪ್ಪಿನದ್ದೂ ಇದೇ ಕಥೆ, ಇಲ್ಲ ಎನ್ನುವುದಿಲ್ಲ, ಬರುತ್ತದೆ ಬರುತ್ತದೆ ಎನ್ನುತ್ತಲೇ ವರ್ಷ ಕಳೆದರು, ಹಾಸ್ಟೆಲಿನ ಊಟದ ಸಾಲ ತಲೆಯ ಮೇಲೆ ಕೂತಿದೆ, ತೀರಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ, ಓಟು ಹಾಕದ ಗುಡಿಸಲುಗಳ ಕಷ್ಟ ಕೇಳಲು ಯಾವ ಅಭ್ಯರ್ಥಿ ಬರುತ್ತಾನೆ — ಅದಕ್ಕೇ ಅಲ್ಲವೇ ನೆಲದ ಮೇಲೆ ಮಸಿಯಲ್ಲಿ ಚೌಕ ಬರೆದು ಅಮ್ಮನಿಗೆ ಕಲಿಸಿದ್ದು, ಇಲ್ಲಿ ಮುದ್ರೆ ಒತ್ತು, ಹೀಗೆ ಮಡಚು, ಅಮ್ಮ ನಾಚಿಕೊಂಡು, ನನ್ನನ್ನು ಒಳಗೆ ಬಿಡುತ್ತಾರಾ ಮಗ? ಬಿಡದೆ ಎಂತ, ತನಿಯಾರು ಅಂತ ನಿನ್ನ ಹೆಸರು ಹಿಡಿದು ದೊಡ್ಡದಾಗಿ ಕರೆಯುತ್ತಾರೆ ನೋಡು. ಉಳಿದ ಗುಡಿಸಲುಗಳವರು ಹೊರಡಲೇ ಇಲ್ಲ, ಅಮ್ಮ ಹೊರಟಳು, ತಲೆ ಬಾಚಿಕೊಂಡು, ಕೈಯಲ್ಲಿ ಹೊಸ ಬುಟ್ಟಿ, ಇದು ಎಂತಕ್ಕೆ ಎಂದರೆ ಗುತ್ತಿನ ಮನೆಗೆ ಬರಿಗೈಯಲ್ಲಿ ಹೋಗಲಿಕ್ಕುಂಟಾ ಎಂದಳು, ಅವನು ನಕ್ಕುಬಿಟ್ಟ, ನಗುವ ವಿಷಯವಾ ಅದು? ಚಿಕ್ಕಂದಿನಿಂದ ಕಂಡದ್ದಲ್ಲವೇ, ಹೆಣೆದ ಬುಟ್ಟಿಯನ್ನು ಅಂಗಳದ ಅಂಚಿನಲ್ಲಿಟ್ಟು ಹಿಂದೆ ಸರಿಯುವುದು, ಕರೆಯುವ ತನಕ ನಿಲ್ಲುವುದು, ಆಮೇಲೆ ಯಜಮಾನಿ ಬಂದು ಅಕ್ಕಿ ಸುರಿಯುವುದು, ಮೇಲಿಂದ, ಕೈ ತಾಗದಷ್ಟು ಮೇಲಿಂದ, ಒಂದಷ್ಟು ಕಾಳು ಮಣ್ಣಿಗೆ ಬಿದ್ದು — ಕರೆಯುವ ತನಕ. ಅಯ್ಯೋ, ಕರೆಯುತ್ತಾರೆ ಎಂದವನು ತಾನೇ ಅಲ್ಲವೇ.

ಗೇಟು ದಾಟಿ ಓಡುತ್ತಾನೆ, ಏ ಎಲ್ಲಿಗೆ ಎಂದು ಪೊಲೀಸಿನವ, ಐದಾಯಿತು ಮುಗಿಯಿತು ಎಂದು ಮತ್ತೊಬ್ಬ, ಚಾವಡಿಯಲ್ಲಿ ಮತಪೆಟ್ಟಿಗೆಗೆ ಅರಗು ಹಾಕುತ್ತಿದ್ದಾರೆ, ಸುಟ್ಟ ಅರಗಿನ ವಾಸನೆ, ಅಮ್ಮ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಎದುರಿಗೇ ಬರುತ್ತಿದ್ದಾಳೆ. ಓಟು ಹಾಕಿದೆಯಾ? ಒಳಗೆ ಎಲ್ಲರ ಹೆಸರೂ ಓದುತ್ತಿದ್ದರು ಮಗ, ಅಂಗಳದ ಅಂಚಿನಲ್ಲಿ ನಿಂತಲ್ಲಿಗೇ ಕೇಳುತ್ತಿತ್ತು, ಈಗ ನನ್ನದು, ಈಗ ನನ್ನದು ಅಂತ ನಿಂತೆ. ಸಾಲಿನಲ್ಲಿದ್ದವರು ಯಾರೂ ಎಂತದೂ ಹೇಳಲಿಲ್ಲವಾ? ಬುಟ್ಟಿ ಮಾರಲು ಬಂದದ್ದು ಅಂದುಕೊಂಡರೋ ಏನೋ. ಕಡೆಗೆ ನನ್ನನ್ನೂ ಕರೆದರು. ಯಾರು? ಯಜಮಾನಿ. ಅಕ್ಕಿಗೆ. ಯಾರ ಮೇಲೆ ಕೂಗಾಡುವುದು ಈಗ, ಬಾಗಿಲು ಒಂದೇ, ಅದು ದಿನವಿಡೀ ತೆರೆದೇ ಇತ್ತು, ಅಮ್ಮನ ಎಡಗೈ ಬೆರಳು, ಶಾಯಿಯಿಲ್ಲದ್ದು, ಬುಟ್ಟಿಯ ಹೆಣಿಗೆಗೆ ಸಿಕ್ಕಿದ ಒಂದೊಂದೇ ಕಾಳನ್ನು ಒಳಗೆ ತಳ್ಳುತ್ತಿದೆ, ಅವನಿಗೆ ಕಾಣುತ್ತಿರುವುದು ಮಾತ್ರ ಅಕ್ಕಿ, ಮೇಲಿಂದ ಬೀಳುವ ಅಕ್ಕಿ, ಕೈ ತಾಗದಷ್ಟು ಮೇಲಿಂದ